ಅರ್ಧ ನಿಮಿಷಕ್ಕೊಮ್ಮೆ ಅಕ್ಕ

ನನಗೆ ಕುಡಿತವಿಲ್ಲ, ಇಸ್ಪೀಟಿಲ್ಲ, ಎಲೆಯಡಿಕೆ ಕೂಡ ಮದುವೆಮನೆಯಲ್ಲಿ ಮಾತ್ರ. ಈ ಮಾತನ್ನು ನನ್ನ ಹೆಂಡತಿ ಸುಮತಿ ಒಂದು ಕಾಲದಲ್ಲಿ ಮುಂಬಯಿ ಪಕ್ಕದ ಡೊಂಬಿವಲಿಯ ನಮ್ಮ ಬಿಲ್ಡಿಂಗಿನ ಹೆಂಗಸರೆದುರು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದಳು. ಈಗ ಹೇಳುವುದಿಲ್ಲ. ಕುಡಿಯುವ ಗಂಡನಾದರೆ ಎಲ್ಲಿ ಕುಡಿಯುತ್ತಾನೆ, ಎಲ್ಲಿ ಬೀಳುತ್ತಾನೆ ಎಂಬುದಾದರೂ ಗೊತ್ತಿರುತ್ತದೆ, ಇವರ ಚಟಕ್ಕೆ ಒಂದು ಹೆಸರೂ ಇಲ್ಲವಲ್ಲ ಎಂಬುದು ಅವಳ ಅಳಲು. ನಿಜ ಹೇಳಿಬಿಡುತ್ತೇನೆ. ನಾನು ಕಂಪ್ಯೂಟರಿನ ಮುಂದೆ ಕೂತು ದೂರದ ಊರುಗಳ ಬೀದಿ, ಕಡಲು, ಸೇತುವೆಗಳನ್ನು ನೋಡುವವನು. ಯಾರೋ ಪುಣ್ಯಾತ್ಮರು ತಾರಸಿಯ ಮೇಲೋ ಕಂಬದ ಮೇಲೋ ಒಂದು ಕ್ಯಾಮೆರಾ ಕೂರಿಸಿ, ಬೇಕಾದವರು ನೋಡಿಕೊಳ್ಳಲಿ ಎಂದು ಇಂಟರ್ನೆಟ್ಟಿಗೆ ಬಿಟ್ಟಿರುತ್ತಾರೆ. ಆ ಬೇಕಾದವರು ಯಾರು ಎಂದು ಕೇಳಿದರೆ, ನಾನೇ. ಎರಡು ಸಾವಿರದ ಹತ್ತರ ಆಸುಪಾಸಿನ ಮಾತಿದು. ಆಗ ಈ ವೆಬ್‌ಕ್ಯಾಮುಗಳಲ್ಲಿ ಚಿತ್ರ ಓಡುತ್ತಿರಲಿಲ್ಲ, ಅರ್ಧ ನಿಮಿಷಕ್ಕೊಮ್ಮೆ ಒಂದು ಹೊಸ ಫೋಟೊ ಬಂದು ಕೂರುತ್ತಿತ್ತು, ಅಷ್ಟೆ. ಆ ಅರ್ಧ ನಿಮಿಷ ಕಾಯುವುದರಲ್ಲಿ ಎಂಥ ಸುಖವಿದೆ ಎಂದು ಅದನ್ನು ಕಾದವರಿಗೇ ಗೊತ್ತು.

ಮೊದಮೊದಲು ನಾನು ಯಾವ ಭೇದವನ್ನೂ ಮಾಡದೆ ನೋಡುತ್ತಿದ್ದೆ. ನವಿ ಮುಂಬಯಿಯ ಖಾಡಿಯಲ್ಲಿ, ಅಂದರೆ ಕಡಲ ಹಿನ್ನೀರಿನಲ್ಲಿ, ಪಕ್ಷಿಪ್ರಿಯರು ಫ್ಲೆಮಿಂಗೊ ನೋಡಲೆಂದು ಇಟ್ಟ ಒಂದು ಕ್ಯಾಮೆರಾ ಇತ್ತು. ಅದರಲ್ಲಿ ನಾನು ಎರಡು ತಿಂಗಳು ಕೆಸರು ನೋಡಿದೆ. ಒಂದು ದಿನ ಇದ್ದಕ್ಕಿದ್ದಂತೆ ಗುಲಾಬಿ ಬಣ್ಣದ ಸಾಲೊಂದು ಕಾಣಿಸಿತು. ಸಾನಪಾಡಾದ ನಮ್ಮ ಆಫೀಸಿನವರನ್ನೆಲ್ಲ ಕೂಗಿ ಕರೆದೆ. ಅವರು ಕೈಯಲ್ಲಿದ್ದ ಕೆಲಸ ಬಿಟ್ಟು ಬಂದು ಬಗ್ಗಿ ನೋಡುವಷ್ಟರಲ್ಲಿ ಹೊಸ ಫೋಟೊ ಬಂತು, ಮತ್ತೆ ಕೆಸರು. ಆಮೇಲೆ ಬಹಳ ದಿನ ನನ್ನನ್ನು ಕಂಡರೆ ಅವರು ಕೆಸರಿನ ಆರೋಗ್ಯ ವಿಚಾರಿಸುತ್ತಿದ್ದರು. ನಿಧಾನವಾಗಿ ನನ್ನ ಗಮನ ನಮ್ಮ ಕರಾವಳಿಯ ಕಡೆಗೆ ಇಳಿಯಿತು. ಒಂದು ಮೀನುಗಾರಿಕೆ ಬಂದರು, ಒಂದು ನದಿ ಸೇತುವೆ, ಹೆದ್ದಾರಿಯ ಒಂದು ತಿರುವು. ಬಂದರಿನ ಮೇಲೆ ಮೋಡ ಕಂಡರೆ ನಾನು ಡೊಂಬಿವಲಿಯಲ್ಲಿ ಕೊಡೆ ಹುಡುಕುತ್ತಿದ್ದೆ. ಇಲ್ಲಿಯೇ ಹುಟ್ಟಿ ಬೆಳೆದ ನನ್ನ ಮಗಳಿಗೆ ನಮ್ಮ ತುಳು ಪೂರ್ತಿ ಅರ್ಥವಾಗುತ್ತದೆ, ಉತ್ತರ ಬರುವುದು ಮಾತ್ರ ಮರಾಠಿಯಲ್ಲಿ. "ಪಪ್ಪಾ, ಯಾತ್ ಬಘಣ್ಯಾಸಾರಖಂ ಕಾಯ್ ಆಹೇ?" ಎಂದು ಅವಳು ಒಂದು ದಿನ ಕೇಳಿದಳು. ಇದರಲ್ಲಿ ನೋಡುವಂಥದ್ದು ಏನಿದೆ ಎಂದು. ನಾನು ಹವಾಮಾನ ಎಂದೆ. ಡೊಂಬಿವಲಿಯ ಕಿಟಕಿಯಲ್ಲಿ ಹವಾಮಾನ ಬರುವುದಿಲ್ಲವೋ ಎಂದು ಒಳಗಿನಿಂದ ಸುಮತಿ ಕೇಳಿದಳು.

ಹವಾಮಾನವೆಂದದ್ದು ಶುದ್ಧ ಸುಳ್ಳು. ಉಡುಪಿಯ ಕಡೆಯ ಒಂದು ಸಣ್ಣ ಕಡಲೂರಿನ ಲಾಡ್ಜಿನವರು, ಪ್ರವಾಸಿಗಳಿಗೆ ಸಮುದ್ರ ತೋರಿಸಿ ಆಸೆ ಹುಟ್ಟಿಸೋಣವೆಂದು ತಮ್ಮ ತಾರಸಿಯ ಮೇಲೆ ಒಂದು ಕ್ಯಾಮೆರಾ ಇಟ್ಟಿದ್ದರು. ಅದನ್ನು ಕೂರಿಸಿದವನ ಕೈ ಸ್ವಲ್ಪ ಓರೆಯಾಗಿತ್ತೆಂದು ಕಾಣುತ್ತದೆ. ಸಮುದ್ರ ಮುಕ್ಕಾಲು ಪಾಲು ಬಂದಿತ್ತು, ಉಳಿದ ಕಾಲು ಪಾಲಿನಲ್ಲಿ ರಸ್ತೆ ಮತ್ತು ಬಸ್‌ಸ್ಟಾಪು. ಆ ಬಸ್‌ಸ್ಟಾಪಿನಿಂದ ಎರಡು ಮನೆ ಆಚೆಗೆ ನನ್ನ ಅಕ್ಕ ಗಿರಿಜ ಇರುವುದು. ಅವಳು ನಾಲ್ಕು ಮೈಲಿ ದೂರದ ಶಾಲೆಯಲ್ಲಿ ಟೀಚರು. ಬೆಳಿಗ್ಗೆ ಎಂಟೂ ಹತ್ತರ ಬಸ್ಸಿಗೆ ಐದು ನಿಮಿಷ ಮೊದಲೇ ಬಂದು ನಿಲ್ಲುವವಳು. ಪರದೆಯ ಮೇಲೆ ಅವಳು ಒಂದು ಅಕ್ಕಿಕಾಳಿಗಿಂತ ದೊಡ್ಡದಾಗಿ ಕಾಣುತ್ತಿರಲಿಲ್ಲ. ಮುಖವಿಲ್ಲ, ಸೀರೆಯ ಬಣ್ಣ ಮಾತ್ರ. ಆದರೂ ಮೊದಲ ದಿನವೇ ಗುರುತು ಹಿಡಿದೆ. ಕೊಡೆಯನ್ನು ಮೊಣಕೈಗೆ ಸಿಕ್ಕಿಸಿಕೊಂಡು, ಬಲಗಾಲಿನ ಮೇಲೆ ಭಾರ ಹಾಕಿ, ಬಸ್ಸು ಬರುವ ದಿಕ್ಕಿಗೆ ಬೆನ್ನು ತಿರುಗಿಸಿ ನಿಲ್ಲುವವಳು ಪ್ರಪಂಚದಲ್ಲಿ ನನ್ನ ಅಕ್ಕ ಒಬ್ಬಳೇ. ಬಸ್ಸನ್ನು ನೋಡುತ್ತ ನಿಂತರೆ ಅದು ತಡ ಮಾಡುತ್ತದೆಂದು ಅವಳ ನಂಬಿಕೆ. ಅಂದು ಬಾಕಿ ಕೆಲಸಕ್ಕೆಂದು ಬೇಗ ಹೋಗಿದ್ದ ಸಾನಪಾಡಾದ ಆಫೀಸಿನಲ್ಲಿ ಕುರ್ಚಿಯ ತುದಿಗೆ ಕೂತು, ಐವತ್ತು ದಾಟಿದ ನಾನು, ಅತ್ತುಬಿಟ್ಟೆ.

ಅಳುವಂಥದ್ದೇನಿತ್ತು, ಫೋನ್ ಮಾಡಬಹುದಿತ್ತಲ್ಲ ಎಂದು ನೀವು ಕೇಳುತ್ತೀರಿ. ಅಲ್ಲಿಯೇ ಇರುವುದು ವಿಷಯ. ಅಕ್ಕ ನನ್ನೊಡನೆ ಮಾತು ಬಿಟ್ಟು ಆಗ ಎರಡು ವರ್ಷವಾಗಿತ್ತು. ಅವಳ ಒಬ್ಬಳೇ ಮಗಳ ಮದುವೆ. ನಮ್ಮಲ್ಲಿ ಮದುಮಗಳ ಕೈಹಿಡಿದು ಮಂಟಪಕ್ಕೆ ಕರೆತರುವವನು ಸೋದರಮಾವ. ಹುಡುಗಿ ಹುಟ್ಟಿದ ದಿನವೇ ಆ ಕೆಲಸ ನನ್ನದೆಂದು ನಿಶ್ಚಯವಾಗಿತ್ತು, ಅಕ್ಕನಿಗೆ ನಾನೊಬ್ಬನೇ ತಮ್ಮ. ಮದುವೆ ಭಾನುವಾರ. ಶುಕ್ರವಾರದ ಬಸ್ಸಿಗೆ ಹೊರಟಿದ್ದರೆ ಶನಿವಾರದ ಒಂದು ಕ್ಯಾಶುವಲ್ ಲೀವ್ ಹೋಗುತ್ತಿತ್ತು. ಈ ಮುಂಬಯಿಯಲ್ಲಿ ಮೂವತ್ತು ವರ್ಷ ಲೋಕಲ್ ರೈಲು ಹತ್ತಿ ಇಳಿದವನಿಗೆ ಒಂದು ಸಿ.ಎಲ್. ಅಂದರೆ ಏನೆಂದು ನಿಮಗೆ ಗೊತ್ತು. ಮಗು ಹುಟ್ಟಿದರೆ ಅರ್ಧ ರಜೆ, ಜ್ವರ ಬಂದರೆ ಗುಳಿಗೆ, ಹಾಗೆ ಉಳಿಸುತ್ತೇವೆ. ಸುಮತಿಯನ್ನೂ ಮಗಳನ್ನೂ ಮೊದಲೇ ಕಳಿಸಿ, ನಾನು ಶನಿವಾರ ಅರ್ಧ ದಿನ ದುಡಿದು ಮಧ್ಯಾಹ್ನದ ಬಸ್ಸು ಹಿಡಿದೆ. ಘಟ್ಟದಲ್ಲಿ ಅದರ ಟಯರು ಹೋಯಿತು, ಒಂದಲ್ಲ, ಎರಡು. ನಾನು ಚಪ್ಪರದೊಳಗೆ ಕಾಲಿಟ್ಟಾಗ ಕೊನೆಯ ಪಂಕ್ತಿಗೆ ಪಾಯಸ ಬಡಿಸುತ್ತಿದ್ದರು. ಹುಡುಗಿಯನ್ನು ಕರೆತಂದದ್ದು ದೂರದ ಸಂಬಂಧದ ಯಾರೋ ಒಬ್ಬ. ಅಕ್ಕ ಬೈಯಲಿಲ್ಲ. ಬೈದಿದ್ದರೆ ಎಷ್ಟು ಚೆನ್ನಾಗಿತ್ತು. ನನ್ನ ಎಲೆಗೆ ತಾನೇ ಅನ್ನ ಬಡಿಸಿ, ಒಂದು ಮಾತೂ ಆಡದೆ ಹೋದಳು, ಆಮೇಲೆ ಆಡಲೇ ಇಲ್ಲ. ನಾಲ್ಕು ಸಲ ಫೋನ್ ಮಾಡಿದೆ, ನಾಲ್ಕು ಸಲವೂ ಭಾವ ಎತ್ತಿ, ಅವಳು ಬಚ್ಚಲಲ್ಲಿದ್ದಾಳೆ ಎಂದರು. ಅವಳು ಮಾತಾಡದಿದ್ದರೆ ನಾನೂ ಮಾತಾಡುವುದಿಲ್ಲ, ಇನ್ನು ಈ ಮನೆಯಲ್ಲಿ ಆ ಸುದ್ದಿ ಬೇಡ ಎಂದು ನಾನು ಕೂಗಾಡಿದೆ. ತಪ್ಪು ಮಾಡಿದವನ ಸಿಟ್ಟಿಗೆ ಜೋರು ಹೆಚ್ಚು. ಆ ವರ್ಷದ ಡಿಸೆಂಬರಿನಲ್ಲಿ ನಾನು ಉಳಿಸಿದ ಆ ಒಂದು ರಜೆ ಯಾವುದಕ್ಕೂ ಬಳಕೆಯಾಗದೆ ಲ್ಯಾಪ್ಸ್ ಆಯಿತು.

ಹೀಗಾಗಿ ನಾನು ಅಕ್ಕನನ್ನು ನೋಡಲು ದಿನಾ ಆಫೀಸಿಗೆ ಬೇಗ ಹೋಗತೊಡಗಿದೆ. ಮನೆಯ ಇಂಟರ್ನೆಟ್ಟನ್ನು ನಂಬಿದರೆ ಅಕ್ಕ ಬಸ್ಸು ಹತ್ತಿ ಶಾಲೆ ಮುಟ್ಟಿದ ಮೇಲೆ ಫೋಟೊ ಬರುತ್ತಿತ್ತು. ಆಫೀಸು ಒಂಬತ್ತೂವರೆಗೆ. ನಾನು ಬದಲಾಪುರದಿಂದ ತುಂಬಿಕೊಂಡೇ ಬರುವ ಆರೂ ನಲವತ್ತರ ಲೋಕಲಿಗೆ ಮೈಯನ್ನು ತುರುಕಿ, ಥಾಣೆ ಸ್ಟೇಷನ್ನಿನಲ್ಲಿ ಇಳಿದು, ವಾಶಿ ಕಡೆಯ ಗಾಡಿಗೆ ಓಡಿ, ಎಂಟಕ್ಕೆ ಮೊದಲು ಕುರ್ಚಿಯಲ್ಲಿರುತ್ತಿದ್ದೆ. ಎಂಟೂ ಐದಕ್ಕೆ ಅಕ್ಕ ಬರುತ್ತಿದ್ದಳು. ಒಂದು ಫೋಟೊದಲ್ಲಿ ಇರುವುದಿಲ್ಲ, ಮುಂದಿನದರಲ್ಲಿ ಇರುತ್ತಾಳೆ. ಬಸ್ಸು ಸರಿಯಾದ ಹೊತ್ತಿಗೆ ಬಂದರೆ ನನಗೆ ಹತ್ತು ಅಕ್ಕಂದಿರು ಸಿಗುತ್ತಿದ್ದರು, ತಡವಾದರೆ ಇಪ್ಪತ್ತು, ಮೂವತ್ತು. ಆ ಬಸ್ಸು ಕೆಡಲಿ ಎಂದು ನಾನು ಬೇಡಿಕೊಂಡದ್ದುಂಟು. ಮಳೆಗಾಲದಲ್ಲಿ ಅವಳ ಹಳೆಯ ಕಪ್ಪು ಕೊಡೆ ಹೋಗಿ ನೀಲಿ ಕೊಡೆ ಬಂದದ್ದು ನನಗೆ ಗೊತ್ತಾಯಿತು. ಒಂದು ವಾರ ಎಡಗಾಲಿನ ಮೇಲೆ ಭಾರ ಹಾಕಿ ನಿಂತಳು, ಬಲಮಂಡಿ ನೋವಿರಬೇಕೆಂದು ನಾನು ಇಲ್ಲಿ ಕುಂಟುವಂತಾದೆ. ಇತ್ತ ನಮ್ಮ ಸಾಹೇಬರು ನನ್ನ ಹಾಜರಿ ಪುಸ್ತಕ ನೋಡಿ ಕಣ್ಣರಳಿಸಿ, ಎಲ್ಲರನ್ನೂ ಕರೆದು, ಈ ವಯಸ್ಸಿನಲ್ಲಿ ಸದಾನಂದರಿಗೆ ಕೆಲಸದ ಮೇಲಿರುವ ಪ್ರೀತಿಯನ್ನು ನೋಡಿ ಕಲಿಯಿರಿ ಎಂದು ಹಿಂದಿಯಲ್ಲಿ ಭಾಷಣ ಮಾಡಿದರು. ಜೊತೆಯವರು ಚಪ್ಪಾಳೆ ತಟ್ಟಿದರು, ಆಮೇಲೆ ಒಂದು ತಿಂಗಳು ನನ್ನನ್ನು ಚಹಕ್ಕೆ ಕರೆಯಲಿಲ್ಲ. ಹೀಗೆ ಒಂದು ವರ್ಷ ನಡೆಯಿತು. ಎಷ್ಟೋ ಸಲ ಅವಳು ಪರದೆಯಲ್ಲಿ ನಿಂತಿರುವಾಗಲೇ ಮೊಬೈಲು ಕೈಗೆತ್ತಿಕೊಳ್ಳುತ್ತಿದ್ದೆ. ಅವಳು ಚೀಲದಿಂದ ಫೋನ್ ತೆಗೆದು, ನನ್ನ ನಂಬರು ನೋಡಿ, ಮತ್ತೆ ಚೀಲಕ್ಕೆ ಹಾಕಿದರೆ ಅದನ್ನೂ ನಾನು ನೋಡಬೇಕಾಗುತ್ತದಲ್ಲ ಎಂದು ಹೆದರಿ ಇಟ್ಟುಬಿಡುತ್ತಿದ್ದೆ.

ಒಂದು ಸೋಮವಾರ ಅಕ್ಕ ಬರಲಿಲ್ಲ. ರಜೆಯಿರಬೇಕೆಂದುಕೊಂಡೆ. ಮಂಗಳವಾರವೂ ಬರಲಿಲ್ಲ. ಬುಧವಾರ ಬಸ್‌ಸ್ಟಾಪಿನಲ್ಲಿ ಒಂದು ದನ ನಿಂತಿತ್ತು. ಗುರುವಾರವೂ ಅಕ್ಕ ಇಲ್ಲ. ಮಂಡಿಯೇ, ಹೃದಯವೇ, ಆಸ್ಪತ್ರೆಯೇ ಎಂದು ನಾನಾ ಯೋಚನೆ. ಲಾಡ್ಜಿನ ನಂಬರು ಪರದೆಯ ಕೆಳಗೇ ಇತ್ತು. ಹೊರಗೆ ಹೋಗಿ ಫೋನ್ ಮಾಡಿದೆ. ಎತ್ತಿಕೊಂಡವನು ಬೀಚ್ ಸೈಡ್ ರೂಮು ಬೇಕೋ ರೋಡ್ ಸೈಡ್ ಸಾಕೋ ಎಂದು ಕೇಳಿದ. ಅಕ್ಕನ ಹೆಸರು ಹೇಳಿದರೆ ಸಂಜೆಯೊಳಗೆ ಊರಿಗೆಲ್ಲ ಸುದ್ದಿಯಾಗುತ್ತದೆ. ಅದಕ್ಕೆ ನಾನು ಜಾಣತನದಿಂದ, ರೂಮು ಬೇಡ, ನಿಮ್ಮ ಎದುರಿನ ಬಸ್‌ಸ್ಟಾಪಿನಲ್ಲಿ ದಿನಾ ಬೆಳಿಗ್ಗೆ ನೀಲಿ ಕೊಡೆ ಹಿಡಿದು ಒಬ್ಬರು ಹೆಂಗಸು ನಿಲ್ಲುತ್ತಾರಲ್ಲ, ನಾಲ್ಕು ದಿನದಿಂದ ಕಾಣುತ್ತಿಲ್ಲ, ಏನಾದರೂ ಗೊತ್ತುಂಟೋ ಎಂದು ಕೇಳಿದೆ. ಅವನು, ನೀವು ಎಲ್ಲಿಂದ ಮಾತಾಡುತ್ತಿದ್ದೀರಿ ಎಂದ. ಡೊಂಬಿವಲಿ ಎಂದೆ.

"ಸರ್, ಇದು ಫ್ಯಾಮಿಲಿ ಲಾಡ್ಜು. ನಮ್ಮಲ್ಲಿ ಅಂಥದ್ದೆಲ್ಲ ಇಲ್ಲ," ಎಂದು ಫೋನ್ ಇಟ್ಟ.

ಆ ಸಂಜೆ ಮನೆಗೆ ಬಂದು ಸುಮತಿಯೆದುರು ಕೂತು ಎಲ್ಲವನ್ನೂ ಹೇಳಿದೆ. ಕ್ಯಾಮೆರಾ, ಕೊಡೆ, ಮಂಡಿ, ದನ, ಯಾವುದನ್ನೂ ಬಿಡಲಿಲ್ಲ. ಅವಳು ಬೀನ್ಸಿನ ನಾರು ತೆಗೆಯುತ್ತ ಕೇಳಿದಳು. ಆಮೇಲೆ ಬಹಳ ಶಾಂತವಾಗಿ, ಅತ್ತಿಗೆಗೆ ಹೋದ ವಾರ ರಿಟೈರ್ ಆಯಿತು, ಶಾಲೆಯಲ್ಲಿ ದೊಡ್ಡ ಸನ್ಮಾನ ಮಾಡಿದರು, ನಮ್ಮ ಲೆಕ್ಕದಲ್ಲಿ ನಾನೊಂದು ಸೀರೆ ಕೊರಿಯರ್ ಮಾಡಿದ್ದೇನೆ ಎಂದಳು. ಪ್ರತಿ ಭಾನುವಾರ ನಾನು ಊಟ ಮಾಡಿ ಮಲಗಿದ ಮೇಲೆ ಇವರಿಬ್ಬರೂ ಮುಕ್ಕಾಲು ಗಂಟೆ ಮಾತಾಡುತ್ತಿದ್ದರಂತೆ, ಮೂರು ವರ್ಷದಿಂದ. ಅಕ್ಕನ ಬಲಮಂಡಿಗೆ ಎಣ್ಣೆ ಕಳಿಸಿದ್ದೂ ಇವಳೇ. ನನಗೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

"ನೀವೇ ಅಲ್ವಾ ಸುದ್ದಿ ಬೇಡ ಅಂದದ್ದು," ಎಂದಳು ಸುಮತಿ. "ಅವರು ಪ್ರತಿ ಸಲ ನಿಮ್ಮ ಬಿ.ಪಿ. ಕೇಳ್ತಾರೆ. ನೀವು ಒಂದು ಸಲ ಅವರ ವಯಸ್ಸು ಎಷ್ಟಾಯ್ತು ಅಂತ ಕೇಳಿದ್ದೀರಾ?"

ಕೇಳಿರಲಿಲ್ಲ. ದಿನಾ ನೋಡುತ್ತಿದ್ದೆನಲ್ಲ, ಮತ್ತೆ ಕೇಳುವುದೇನೆಂದು ತಿಳಿದಿದ್ದೆ. ಕೊಡೆಯ ಬಣ್ಣ ಗೊತ್ತಿದ್ದವನಿಗೆ ಅಕ್ಕನಿಗೆ ಅರವತ್ತು ತುಂಬಿದ್ದು ಗೊತ್ತಿರಲಿಲ್ಲ. ನಾನು ಇನ್ನೂ ತಲೆ ಎತ್ತುವ ಮೊದಲೇ ಸುಮತಿ ನಂಬರು ಒತ್ತಿ ಫೋನನ್ನು ನನ್ನ ಕೈಗೆ ತುರುಕಿದಳು. ಆ ಕಡೆಯಿಂದ ಅಕ್ಕ, ಸುಮತಿಯೇ ಎಂದು ತಿಳಿದು, ಸೀರೆಯ ಅಂಚು ಚಂದ ಉಂಟು ಮಾರಾಯ್ತಿ ಎಂದು ಶುರುಮಾಡಿದಳು. ನಾವು ಮಾತಾಡಿದ್ದು ತುಳುವಿನಲ್ಲಿ, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಮೂರು ವರ್ಷದ ಮೇಲೆ ಆ ಸ್ವರ ಕೇಳಿ, ನಾನು ಕಟ್ಟಿಟ್ಟುಕೊಂಡಿದ್ದ ಕ್ಷಮೆಯ ಮಾತುಗಳೆಲ್ಲ ಎಲ್ಲೋ ಹೋದವು. ಅಕ್ಕಾ, ನಾನು, ನಾಲ್ಕು ದಿನದಿಂದ ನೀನು ಬಸ್‌ಸ್ಟಾಪಿಗೆ ಯಾಕೆ ಬರಲಿಲ್ಲ ಎಂದು ಗದರಿಸಿಬಿಟ್ಟೆ. ಫೋನ್ ಇಟ್ಟುಬಿಡುತ್ತಾಳೆಂಬ ಹೆದರಿಕೆಗೆ ಒಂದೇ ಉಸಿರಿನಲ್ಲಿ ಕ್ಯಾಮೆರಾದ ಕಥೆಯನ್ನೆಲ್ಲ ಹೇಳಿ ಮುಗಿಸಿದೆ.

"ಅಂದರೆ ಒಂದು ವರ್ಷದಿಂದ ನೀನು ದಿನಾ ನನ್ನನ್ನು ನೋಡ್ತಾ ಇದ್ದಿ," ಎಂದಳು ಅಕ್ಕ.

ಹೌದು ಎಂದೆ.

"ಆಯ್ತು. ನಾನು ನಿನ್ನನ್ನು ಎಲ್ಲಿ ನೋಡುವುದು, ಸದಾ?"

ಮರುದಿನವೇ ಹೊರಟೆ. ಪನವೇಲಿನಿಂದ ಉಡುಪಿಯವರೆಗೆ ಮದುವೆಯ ದಿನದ ಬಗ್ಗೆ ಏನೇನು ಹೇಳಬೇಕೆಂದು ಬಾಯಿಪಾಠ ಮಾಡಿದೆ. ಅಕ್ಕ ಬಾಗಿಲಿನಲ್ಲಿ ನಿಂತಿದ್ದಳು. ತಲೆ ಪೂರ್ತಿ ಬೆಳ್ಳಗಾಗಿತ್ತು, ತಾರಸಿಯ ಮೇಲಿನಿಂದ ಅದು ಕಂಡೇ ಇರಲಿಲ್ಲ. ಒಳಗೆ ಕರೆದು ಬೆಳಕು ಬೀಳುವಲ್ಲಿ ಕುರ್ಚಿ ಹಾಕಿ ನನ್ನನ್ನು ಕೂರಿಸಿದಳು. ತಾನು ಎದುರಿನ ಬೆಂಚಿನಲ್ಲಿ ಕೂತು, ಕನ್ನಡಕವನ್ನು ಸೆರಗಿನಿಂದ ಒರೆಸಿ ಹಾಕಿಕೊಂಡಳು. ನಾನು ಗಂಟಲು ಸರಿಮಾಡಿಕೊಂಡು, ಅಕ್ಕಾ, ಆ ದಿನ ಬಸ್ಸು ಎಂದು ಶುರುಮಾಡಿದೆ.

"ಸುಮ್ಮನೆ ಕೂತುಕೋ," ಎಂದಳು. "ನಾನು ನೋಡ್ತಾ ಇದ್ದೇನೆ. ನನಗೆ ಮೂರು ವರ್ಷದ್ದು ಬಾಕಿ ಉಂಟು."

ನೋಡಿದಳು. ನನ್ನ ಬೋಳುತಲೆ, ಜೋತುಬಿದ್ದ ಕೆನ್ನೆ, ಲೋಕಲಿನ ನೂಕಿನಲ್ಲಿ ಗುಂಡಿ ಕಿತ್ತುಹೋದ ಅಂಗಿ, ಒಂದನ್ನೂ ಬಿಡದೆ ನೋಡಿದಳು. ವರ್ಷವಿಡೀ ಕಣ್ಣು ಮಿಟುಕಿಸದೆ ಅವಳನ್ನು ನೋಡಿದವನಿಗೆ, ನೋಡಿಸಿಕೊಂಡು ಕೂರುವುದು ಎರಡು ನಿಮಿಷವೂ ಆಗಲಿಲ್ಲ. ನೀರು ಕುಡಿದು ಬರುತ್ತೇನೆಂದು ಎದ್ದು ಅಡುಗೆಮನೆಗೆ ಹೋದೆ, ಅಲ್ಲಿ ಗೋಡೆಗೆ ಮುಖ ಮಾಡಿ ಬಹಳ ಹೊತ್ತು ನೀರು ಕುಡಿದೆ.