ಮಾವಶಿ ಕೊಡದ ಅರ್ಧ ಅಂಕ

ನಮ್ಮ ಮಾವಶಿಯ ಕೈಯಲ್ಲಿ ಡಿಎನ್‌ಎ ಪ್ರಶ್ನೆಗೆ ಪೂರ್ತಿ ಅಂಕ ತೆಗೆದುಕೊಂಡ ವಿದ್ಯಾರ್ಥಿ ಇಡೀ ರಾಯಬಾಗ ತಾಲೂಕಿನಲ್ಲಿ ಒಬ್ಬನೂ ಇಲ್ಲ. ಇದ್ದರೆ ಕರೆದುಕೊಂಡು ಬನ್ನಿ, ನಾನು ಅವನ ಕಾಲಿಗೆ ಬೀಳುತ್ತೇನೆ. ಮಾವಶಿ ಎಂದರೆ ನನ್ನ ತಾಯಿಯ ಅಕ್ಕ. ಅಲಖನೂರಿನ ಆಚೆಗಿನ ಒಂದು ಹೈಸ್ಕೂಲಿನಲ್ಲಿ ವರ್ಷಗಟ್ಟಲೆ ವಿಜ್ಞಾನ ಕಲಿಸಿದವಳು. ಮುಂದೆ ಡಾಕ್ಟರಾದವರಿಗೂ, ಫ್ಯಾಕ್ಟರಿಯಲ್ಲಿ ಕಬ್ಬು ತೂಗುವವರಿಗೂ, ಕಾಗವಾಡದಲ್ಲಿ ದ್ರಾಕ್ಷಿ ಬೆಳೆಯುವವರಿಗೂ ಭೇದವಿಲ್ಲದೆ ಅರ್ಧ ಅಂಕ ಕಡಿಮೆ ಕೊಟ್ಟಿದ್ದಾಳೆ. ಸ್ವಂತ ತಂಗಿಯ ಮಗನಾದ ನನ್ನನ್ನೂ ಬಿಟ್ಟಿಲ್ಲ.

ಪ್ರಶ್ನೆ ಸರಳವಾಗಿಯೇ ಇರುತ್ತಿತ್ತು. ‘ಡಿಎನ್‌ಎ ರಚನೆಯನ್ನು ಕಂಡುಹಿಡಿದವರು ಯಾರು?’ ಪುಸ್ತಕದಲ್ಲಿ ಇಬ್ಬರು ಗಂಡಸರ ಹೆಸರಿತ್ತು. ನಾವು ಆ ಎರಡೂ ಹೆಸರನ್ನು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುವಷ್ಟು ಗಟ್ಟಿ ಮಾಡಿ ಬರೆಯುತ್ತಿದ್ದೆವು. ಪೇಪರು ತಿರುಗಿ ಬಂದಾಗ ಅವುಗಳ ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ಮಾವಶಿಯ ಅಕ್ಷರ ಇರುತ್ತಿತ್ತು: ‘ಫೋಟೊ ತೆಗೆದಾಕಿ ಎಲ್ಲಿ?’

ಒಮ್ಮೆ ನಾನು ಧೈರ್ಯ ಮಾಡಿ, “ಪುಸ್ತಕದಾಗ ಎರಡ ಹೆಸರು ಅದಾವ್ರಿ” ಅಂದೆ. ಶಾಲೆಯಲ್ಲಿ ಅವಳಿಗೆ ‘ರಿ’ ಹಚ್ಚಿಯೇ ಮಾತನಾಡಬೇಕಿತ್ತು.

“ಪುಸ್ತಕದಾಗ ಇಲ್ಲಂದ್ರ ಆಕಿ ಇರಲೇ ಇಲ್ಲೇನು? ನಿಮ್ಮ ಮನಿ ಬಾಗಲಾಗ ನಿಮ್ಮಪ್ಪನ ಹೆಸರು ಅಷ್ಟ ಬರದೈತಿ. ಹಂಗಂತ ನಿಮ್ಮವ್ವ ಬಡದ ರೊಟ್ಟಿ ತಿನ್ನೂದು ಬಿಟ್ಟಿಯೇನು?”

ನಾನು ಕುಳಿತೆ. ರೊಟ್ಟಿಯ ಮಾತು ಬಂದ ಮೇಲೆ ವಿಜ್ಞಾನ ಎಲ್ಲಿಯದು?

ಮರುವರ್ಷ ಜಾಣರು ಕೆಲವರು ಆ ಮೂರನೆಯ ಹೆಸರನ್ನೂ ಬಾಯಿಪಾಠ ಮಾಡಿ ಬರೆದರು. ಅವರಿಗೆ ಕಾಗುಣಿತದ ತಪ್ಪಿಗಾಗಿ ಅರ್ಧ ಅಂಕ ಹೋಯಿತು. ಜಗತ್ತು ಮರೆತವಳ ಹೆಸರನ್ನು ಬರೆಯುವಾಗಲಾದರೂ ಒತ್ತಕ್ಷರ ನೆಟ್ಟಗಿರಬೇಡವೇ ಎಂಬುದು ಮಾವಶಿಯ ನ್ಯಾಯ.

ಆ ಕಥೆಯನ್ನು ಮಾವಶಿ ಹೇಳುವುದನ್ನು ಕೇಳಬೇಕಿತ್ತು. ಲಂಡನ್ನಿನಲ್ಲಿ ಒಬ್ಬ ವಿಜ್ಞಾನಿ ಹೆಣ್ಣುಮಗಳು. ಕೂದಲಿಗಿಂತ ತೆಳುವಾದ ಡಿಎನ್‌ಎ ಎಳೆಗೆ ತಾಸುಗಟ್ಟಲೆ ಕ್ಷ-ಕಿರಣ ಹಾಯಿಸಿ ಫೋಟೊ ಇಳಿಸುತ್ತಿದ್ದಳು. ಒಂದು ಫೋಟೊದಲ್ಲಿ ಕಪ್ಪು ಚುಕ್ಕೆಗಳು ಗುಣಾಕಾರದ ಚಿಹ್ನೆಯ ಹಾಗೆ ಕೂತಿದ್ದವು. ನಮ್ಮಂಥವರು ನೋಡಿದರೆ ಫಿಲ್ಮು ಕೆಟ್ಟಿದೆ ಎಂದು ಎಸೆಯುತ್ತಿದ್ದೆವು. ಬಲ್ಲವರಿಗೆ ಮಾತ್ರ ಅದು ತಿರುಚಿದ ಎಳೆ ಎಂದು ತಿಳಿಯುತ್ತಿತ್ತು. ಅವಳ ಜೊತೆಗೆ ಕೆಲಸ ಮಾಡುತ್ತಿದ್ದ ಒಬ್ಬರು ಅವಳನ್ನು ಕೇಳದೆಯೇ ಅದನ್ನು ಬೇರೆ ಊರಿನ ಒಬ್ಬ ತರುಣನಿಗೆ ತೋರಿಸಿದರು. ಆ ತರುಣ ಮತ್ತು ಅವನ ಗೆಳೆಯ ಇಬ್ಬರೂ ಸೇರಿ ತಗಡು, ಸರಳುಗಳಿಂದ ಮಾದರಿ ಕಟ್ಟಿದರು: ಎರಡು ಎಳೆ, ನಡುವೆ ಮೆಟ್ಟಿಲು, ಒಟ್ಟಿಗೆ ಹಿಡಿದು ತಿರುಚಿದ ಏಣಿ. ಲೋಕ ಚಪ್ಪಾಳೆ ತಟ್ಟಿತು. ಕೆಲವು ವರ್ಷಗಳ ಮೇಲೆ ದೊಡ್ಡ ಬಹುಮಾನವೂ ಬಂತು, ಮೂವರು ಗಂಡಸರಿಗೆ. ಅಷ್ಟರಲ್ಲಿ ಅವಳು ನಲವತ್ತು ತುಂಬುವ ಮೊದಲೇ ತೀರಿಹೋಗಿದ್ದಳು. ಇಲ್ಲಿಗೆ ಬಂದಾಗ ಮಾವಶಿಯ ಮೂಗು ಕೆಂಪಾಗುತ್ತಿತ್ತು. ಹೊಸಬರು ಕೇಳಿದರೆ ಸತ್ತವಳು ಅಥಣಿ ಕಡೆಯ ನಮ್ಮ ಬೀಗರ ಪೈಕಿ ಇರಬೇಕು ಅಂದುಕೊಳ್ಳುತ್ತಿದ್ದರು.

ಇದು ಶಾಲೆಗೆ ಮಾತ್ರ ಸೀಮಿತವಾಗಿದ್ದರೆ ನಾವು ಬದುಕಿಕೊಳ್ಳುತ್ತಿದ್ದೆವು. ನಿಪ್ಪಾಣಿಯಲ್ಲಿ ನಮ್ಮ ಸಂಬಂಧಿಕರ ಮದುವೆ. ವಧೂವರರ ಜೊತೆ ಮನೆಮಂದಿಯ ಫೋಟೊ ತೆಗೆಯಬೇಕು. ಎಲ್ಲರೂ ನಿಂತಾಯಿತು. ಮಾವಶಿ ಮಾತ್ರ ಫೋಟೊಗ್ರಾಫರನನ್ನು ಕರೆದಳು.

“ನೀನೂ ಬಾರಪಾ ಈ ಕಡೆ. ಮುಂಜಾನಿಂದ ದುಡ್ಯಾಕತ್ತಿ, ಒಂದ ಫೋಟೊದಾಗರೆ ನಿನ್ನ ಮಾರಿ ಬ್ಯಾಡೇನು?”

“ನಾ ಬಂದ್ರ ಬಟನ್ ಯಾರು ಒತ್ತಬೇಕ್ರಿ ಬಾಯಾರ?”

ಮಾವಶಿ ಸುತ್ತ ನೋಡಿದಳು. ಎಲ್ಲರಿಗಿಂತ ಎತ್ತರವಾಗಿದ್ದವನು ವರ. ಇಂದಿಗೂ ಆ ಆಲ್ಬಮ್ಮಿನ ಮೊದಲ ಪುಟದಲ್ಲಿ ವಧುವಿನ ಪಕ್ಕ ಫೋಟೊಗ್ರಾಫರ್ ಹಲ್ಲು ಕಿರಿದು ನಿಂತಿದ್ದಾನೆ. ಆಲ್ಬಮ್ಮು ಮೊದಲ ಸಲ ಕೈಗೆ ಬಂದ ದಿನ ವರನ ಅಜ್ಜಿ ಕನ್ನಡಕ ಏರಿಸಿ, “ನವರದೇವ ಕುಠೆ ಗೇಲಾ?” ಎಂದು ಮರಾಠಿಯಲ್ಲಿ ಕೇಳಿದಳಂತೆ. ಮದುಮಗ ಎಲ್ಲಿಗೆ ಹೋದ ಎಂದರೆ ಯಾರೇನು ಹೇಳಬೇಕು? ಅಲ್ಲಿಯೇ ಇದ್ದ, ಕ್ಯಾಮೆರಾದ ಹಿಂದೆ.

ನಿವೃತ್ತಿಯಾದ ಮೇಲೂ ಮಾವಶಿ ಸುಮ್ಮನೆ ಕೂರಲಿಲ್ಲ. ಹೋದ ವರ್ಷ ಅವಳ ಹಳೆಯ ಶಾಲೆಯಲ್ಲಿ ಹೊಸ ವಿಜ್ಞಾನದ ಕೋಣೆ ಕಟ್ಟಿದರು. ಅದರ ಮುಂದೆ ಆಳೆತ್ತರದ ಕಬ್ಬಿಣದ ಡಿಎನ್‌ಎ ನಿಲ್ಲಿಸುತ್ತೇನೆ ಎಂದು ಹೊರಟಳು. ರಾಯಬಾಗದಲ್ಲಿ ಗೇಟು, ಕಿಟಕಿ ಮಾಡುವ ದಸ್ತಗೀರಸಾಬರ ವೆಲ್ಡಿಂಗ್ ಅಂಗಡಿಗೆ ನನ್ನ ಸ್ಕೂಟರಿನ ಹಿಂದೆ ಕೂತು ದಿನಾ ಹೋಗುತ್ತಿದ್ದಳು. ಅವರು ಬಹಳ ಪ್ರೀತಿಯಿಂದ ಎರಡು ಸರಳು ಕಾಯಿಸಿ, ತಿರುವಿ, ನಡುವೆ ಪಟ್ಟಿ ಕೂಡಿಸಿ ನಿಲ್ಲಿಸಿದರು. ಮಾವಶಿ ಒಂದು ಸುತ್ತು ಹಾಕಿ ನೋಡಿದಳು.

“ದಸ್ತಗೀರಸಾಬ್ರ, ಇದು ಎಡಕ್ಕ ತಿರಿಗೈತಿ.”

“ಎಡಕ್ಕೇನ್ರಿ, ಬಲಕ್ಕೇನ್ರಿ. ತಿರಿಗಿದ್ರ ಆತಿಲ್ಲೋ ಬಾಯಾರ?”

“ನಿಮ್ಮ ಬೋಲ್ಟಿನ ಆಟಿ ಎಡಕ್ಕ ತಿರಿಗಿದ್ರ ಅದಕ್ಕ ನಟ್ಟ ಕೂಡ್ತೈತೇನು?”

ಸಾಬರು ಜೇಬಿನಿಂದ ಒಂದು ಬೋಲ್ಟು ತೆಗೆದು ಬೆರಳಲ್ಲಿ ಹೊರಳಿಸಿ ಅದರ ಆಟಿಯನ್ನು, ಎಂದರೆ ಮೈಸುತ್ತ ಕೊರೆದ ಗೆರೆಯನ್ನು, ನೋಡಿದರು. ಆಮೇಲೆ ಮಾದರಿಯನ್ನು ನೋಡಿದರು. “ಖರೇ ಐತ್ರಿ. ಇದು ಉಲ್ಟಾ ಆಟಿ ಆಗೈತಿ” ಎಂದು ತಾವೇ ಕಟರ್ ಎತ್ತಿಕೊಂಡರು. ಮನುಷ್ಯನ ಮೈಯೊಳಗಿನ ಡಿಎನ್‌ಎ ಸಾಮಾನ್ಯ ಬೋಲ್ಟಿನ ಹಾಗೆಯೇ ಬಲಕ್ಕೆ ತಿರುಗಿದೆ ಎಂಬುದು ನನಗೂ ಅಂದೇ ತಿಳಿದದ್ದು. ಎರಡನೆಯ ಮಾದರಿ ಸರಿಯಾಗಿ ಬಂತು. ಹೆಡ್ ಮಾಸ್ತರರು ಅದರ ಬುಡದ ಕಲ್ಲಿನ ಮೇಲೆ ಮಾವಶಿಯ ಹೆಸರನ್ನಷ್ಟೇ ಕೆತ್ತಿಸಬೇಕೆಂದಿದ್ದರು. ಅವಳು ಜಗಳ ತೆಗೆದು ದಸ್ತಗೀರಸಾಬರ ಹೆಸರನ್ನು ತನ್ನದಕ್ಕಿಂತ ಮೇಲೆ ಹಾಕಿಸಿದಳು.

ಇಷ್ಟಕ್ಕೇ ಮುಗಿಯುತ್ತಿತ್ತೇನೋ. ನನಗೆ ಚೇಷ್ಟೆ ಬೇಕಿತ್ತು. ಉದ್ಘಾಟನೆಗೆ ಮೂರು ದಿನ ಇರುವಾಗ ಮೊಬೈಲಿನಲ್ಲಿ ಅದೂ ಇದೂ ಓದುತ್ತಿದ್ದವನು ಒಂದು ಸಂಗತಿ ಕಂಡು ಅವಳ ಮನೆಗೆ ಓಡಿದೆ.

“ಮಾವಶಿ, ನಿನ್ನ ಫೋಟೊದಾಕಿ ಫೋಟೊ ತಗದಿಲ್ಲ. ಆಕಿ ಕೈಕೆಳಗ ಓದತಿದ್ದ ಒಬ್ಬ ಹುಡುಗ ತಗದಾನ. ಆಕಿ ಹೇಳಿಕೊಟ್ಟಾಳ, ಆದ್ರ ಮಷಿನ್ ಮುಂದ ಕುಂತಾಂವ ಆತ. ಇಷ್ಟ ವರ್ಷ ಅವನ ಹೆಸರು ಬಿಟ್ಟಿಯಲ್ಲ, ಈಗ ನಿನಗೆಷ್ಟು ಅಂಕ ಕಡಿಮಿ ಮಾಡೂನು?”

ಅವಳು ನಗುತ್ತಾಳೆ, ಇಲ್ಲವೇ ಕೈಗೆ ಸಿಕ್ಕಿದ್ದನ್ನು ಎಸೆಯುತ್ತಾಳೆ ಅಂದುಕೊಂಡಿದ್ದೆ. ಎರಡೂ ಆಗಲಿಲ್ಲ. ಮೊಬೈಲು ಇಸಿದುಕೊಂಡು ಓದಿದಳು, ಇನ್ನೊಮ್ಮೆ ಓದಿದಳು, ತಿರುಗಿ ಕೊಟ್ಟಳು. ಎರಡು ದಿನ ಯಾರೊಂದಿಗೂ ಸರಿಯಾಗಿ ಮಾತನಾಡಲಿಲ್ಲ. ನಾನು ಅವ್ವನ ಕೈಯಲ್ಲಿ ಬೈಸಿಕೊಂಡೆ. ಮೂರನೆಯ ದಿನ ಬೆಳಿಗ್ಗೆ ಮಾವಶಿಯೇ ಅವ್ವನಿಗೆ ಫೋನು ಮಾಡಿ, “ನೀ ಇವತ್ತ ಸಾಲಿಗೆ ಬರಾಕ ಬೇಕು. ನೆವ ಹೇಳಬ್ಯಾಡ” ಅಂದಳು. ಶಾಲೆ ಎಂದರೆ ಸಂಕೋಚಪಡುವ ಅವ್ವ, ಅಕ್ಕನ ದನಿ ಕೇಳಿ, ರೊಟ್ಟಿ ಬಡಿಯುವುದನ್ನು ಅರ್ಧಕ್ಕೆ ಬಿಟ್ಟು ಉಟ್ಟ ಸೀರೆಯಲ್ಲೇ ಹೊರಟಳು.

ಉದ್ಘಾಟನೆ ಆಯಿತು. ಹೆಡ್ ಮಾಸ್ತರರು ಹೊಗಳಿದರು. ಮಾವಶಿ ಮೈಕಿನ ಮುಂದೆ ನಿಂತು ಎಂದಿನ ಕಥೆ ಹೇಳಿದಳು. ಆ ವಿದ್ಯಾರ್ಥಿಯ ಹೆಸರನ್ನೂ ಸೇರಿಸಿದಳು. ಮುಗಿಯಿತು ಎಂದು ನಾವು ಚಪ್ಪಾಳೆಗೆ ಕೈ ಎತ್ತಿದೆವು. ಅವಳು ಕೆಳಗಿಳಿಯಲಿಲ್ಲ.

“ಇನ್ನೊಂದು ಮಾತೈತಿ. ನಾ ಚಿಕ್ಕೋಡಿಯಾಗ ಬಿ.ಎಡ್. ಮಾಡತಿದ್ದೆ. ಪಾಠದ ಪರೀಕ್ಷಾಕ್ಕ ಡಿಎನ್‌ಎ ಚಾರ್ಟ್ ಬೇಕಿತ್ತು. ನನಗ ನೆಟ್ಟಗ ಒಂದ ಗೆರಿ ಹೊಡಿಯಾಕ ಬರೂದಿಲ್ಲ. ಕಾಗವಾಡಕ್ಕ ನಮ್ಮ ಮನಿಗೆ ಹೋಗಿ ತಂಗಿ ಮುಂದ ಅತ್ತೆ. ಏಳನೇತ್ತಕ್ಕ ಆಕಿ ಸಾಲಿ ಬಿಡಿಸಿದ್ರು. ಅಪ್ಪಗ ನಮ್ಮಿಬ್ಬರೊಳಗ ಒಬ್ಬಾಕಿನ್ನ ಅಷ್ಟ ಓದಸಾಕ ಆಗತಿತ್ತು. ಆಕಿ ಬಿಳಿ ಬಟ್ಟಿ ತಗೊಂಡು, ದ್ರಾಕ್ಷಿಗೆ ಹೊಡಿಯೂ ಮೈಲುತುತ್ತದ ನೀಲಿ, ಅರಿಶಿಣ, ಕುಂಕುಮ, ಎಲಿ ಹಿಂಡಿದ ಹಸರು, ಮೆಟ್ಟಲಾ ಮಾಡೂ ನಾಕು ನಮೂನಿ ತುಣುಕಿಗೆ ನಾಕು ಬಣ್ಣ ಹಾಕಿ ಏಣಿ ಬರದಳು. ಮೆಟ್ಟಲಾ ಬರಿಯೂಮುಂದ ನನ್ನ ಕೇಳಿದಳು, ‘ಅಕ್ಕಾ, ಈ ನಾಕರಾಗ ಎರಡು ದಪ್ಪ, ಎರಡು ಸಣ್ಣ ಅದಾವಲ್ಲ. ದಪ್ಪಂದಕ್ಕ ಸಣ್ಣಂದ ಜೋಡಿ ಮಾಡಿದ್ರ ಅಷ್ಟ ಏಣಿ ಅಗಲ ಸಮ ಬರತೈತಿ, ಹೌದಲ್ಲ?’ ನಾ ಬಿ.ಎಸ್ಸಿ. ಪಾಸಾದಾಕಿ. ನನಗ ಅದು ಅವತ್ತ ತಿಳೀತು.”

ನಾನು ಪಕ್ಕದಲ್ಲಿದ್ದ ಅವ್ವನನ್ನು ನೋಡಿದೆ. ಅವಳು ನೆಲ ನೋಡುತ್ತಿದ್ದಳು.

“ಪರೀಕ್ಷಾಕ್ಕ ಬಂದ ಸರ್ ಕೇಳಿದ್ರು, ‘ಚಾರ್ಟ್ ಯಾರು ಬರದಾರ?’ ನಾ ‘ನಾನ ಸರ್’ ಅಂದೆ. ನನಗ ಮೊದಲ ನಂಬರ ಬಂತು. ಆಮ್ಯಾಲ ಹೇಳೂನು, ಆಮ್ಯಾಲ ಹೇಳೂನು ಅಂತ ಇಷ್ಟ ವರ್ಷ ಆತು. ಅದನ್ನ ಬರದಾಕಿ ಅಲ್ಲಿ ಕುಂತಾಳ ನೋಡ್ರಿ.”

ಹುಡುಗರೆಲ್ಲ ತಿರುಗಿ ನೋಡಿದರು. ಯಾರೋ ಚಪ್ಪಾಳೆ ಶುರು ಮಾಡಿದರು. ಅವ್ವ ಎದ್ದು ಸೀದಾ ಹೊರಗೆ ಹೋಗಿಬಿಟ್ಟಳು.

ನಾವು ಹೋಗುವಷ್ಟರಲ್ಲಿ ಬೇವಿನ ಗಿಡದ ಕಟ್ಟೆಯ ಮೇಲೆ ಕೂತಿದ್ದಳು. ಮಾವಶಿ ಎದುರಿಗೆ ನಿಂತಳು, ಉತ್ತರ ಬಾರದ ವಿದ್ಯಾರ್ಥಿಯ ಹಾಗೆ.

“ಎಲ್ಲಾರ ಮುಂದ ಹೇಳೂದೇನಿತ್ತು? ಹಿಟ್ಟಿನ ಸೀರ್ಯಾಗ ಬಂದೀನಿ ನಾ” ಅಂದಳು ಅವ್ವ.

“ನಿನಗ ಮೋಸ ಮಾಡಿದೆ.”

“ನನಗ ಅವಾಗ ಗೊತ್ತಿತ್ತ ಅಕ್ಕಾ. ಪರೀಕ್ಷಾ ಮುಗಿಸಿ ಊರಿಗೆ ಬಂದಾಕಿ ನನ್ನ ಕೂಡ ಕಣ್ಣ ಕೂಡಿಸಲಿಲ್ಲ ನೀ.”

“ಮತ್ತ ಯಾಕ ಕೇಳಲಿಲ್ಲ?”

ಅವ್ವ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿದಳು. “ಸಿಟ್ಟು ಬಂದಿತ್ತು. ಬರಲಿಲ್ಲಂತ ಹ್ಯಾಂಗ ಹೇಳಲಿ? ಆದ್ರ ನೀ ಆ ಬಟ್ಟಿ ತಗೊಂಡು ಬಸ್ಸ ಹತ್ತಿದ ದಿನ ನಾ ರಸ್ತೇದಾಗ ನಿಂತಿದ್ದೆ. ಬಣ್ಣ ಹಸಿ ಇತ್ತಂತ ಅದನ್ನ ಕಿಟಕ್ಯಾಗ ಹಿಡಕೊಂಡ ಕುಂತಿದ್ದಿ. ನನಗಂತೂ ಕಾಲೇಜಿಗೆ ಹೋಗೂದು ಆಗಲಿಲ್ಲ, ನಾ ಬರದದ್ದರೆ ಹೊಂಟೈತಲ್ಲ ಅಂತ ಬಸ್ಸ ಮರಿಯಾಗೂತನಕ ನೋಡಿದೆ.”

ಮಾವಶಿ ಕಟ್ಟೆಯ ಮೇಲೆ ಕೂತು ಅತ್ತಳು. ಮೂಗು ಒರೆಸಿಕೊಳ್ಳಲು ಅವ್ವ ತನ್ನ ಸೆರಗನ್ನೇ ಕೊಟ್ಟಳು. ನಾನು ಆಚೆ ಹೋಗಿ ನಿಂತೆ.

“ಅದೈತೇನು ಇನ್ನ?” ಅವ್ವ ಕೇಳಿದ್ದು ಕೇಳಿಸಿತು.

“ಟ್ರಂಕಿನಾಗ ಐತಿ. ಒಂದ ದಿನಾನೂ ಕ್ಲಾಸಿನಾಗ ಹಾಕಲಿಲ್ಲ ನಾ. ಮನಸ ಆಗಲಿಲ್ಲ.”

ಮರುದಿನ ಬೆಳಿಗ್ಗೆ ಅವ್ವನನ್ನು ಮಾವಶಿಯ ಮನೆಗೆ ಕರೆದುಕೊಂಡು ಹೋದೆ. ಟ್ರಂಕಿನ ತಳದಿಂದ ಬಟ್ಟೆ ತೆಗೆದು ಪಡಸಾಲೆಯಲ್ಲಿ ಹಾಸಿದರು. ಮಡಿಕೆಗಳಲ್ಲಿ ಅಲ್ಲಲ್ಲಿ ಹರಿದಿತ್ತು. ಕುಂಕುಮ ಮಾಸಿತ್ತು, ಹಸಿರು ಕಂದಾಗಿತ್ತು, ಅರಿಶಿನದ ಗುರುತೇ ಉಳಿದಿರಲಿಲ್ಲ. ನೀಲಿ ಮಾತ್ರ ಇನ್ನೂ ಇತ್ತು. ಅವ್ವ ಮೊಣಕಾಲೂರಿ ಕೂತು, ಕನ್ನಡಕ ಸರಿಮಾಡಿಕೊಂಡು, ಒಂದೊಂದೇ ಮೆಟ್ಟಿಲಿನ ಮೇಲೆ ಬೆರಳಾಡಿಸುತ್ತ ತುದಿಯವರೆಗೆ ಹೋದಳು.

“ಒಂದೂ ತಪ್ಪಿಲ್ಲ” ಅಂದಳು ಮಾವಶಿ.

ಅವ್ವ ತಲೆ ಎತ್ತಲಿಲ್ಲ. “ಅಕ್ಕಾ, ಒಂದೀಟು ಅರಿಶಿಣ ಕಲಸಿಕೊಂಡ ಬಾ. ನೀರ ಭಾಳ ಹಾಕಬ್ಯಾಡ” ಅಂದಳು.

ಮಾವಶಿ ಎದ್ದು ಅಡಿಗೆಮನೆಗೆ ಓಡಿದಳು.