ಮೊದಲ ಸಾಲಿನ ಉಬಾಲ್ಡೊ

ಗೋಳೆಲ್ಲ ಶುರುವಾಗಿದ್ದು ಒಂದು ಮಡಚುಕುರ್ಚಿಯಿಂದ.

ನವೆಂಬರಿನ ಸೋಮವಾರ, ಕ್ಷೌರದಂಗಡಿಗೆ ವಾರದ ರಜೆ. ಕ್ಷೌರಿಕ ಉಬಾಲ್ಡೊ ಬಗಲಲ್ಲಿ ಕುರ್ಚಿ, ಹೆಗಲ ಮೇಲೆ ಹಸಿರು ಕೊಡೆ ಇಟ್ಟುಕೊಂಡು ಸದ್ದಿಲ್ಲದೆ ಮೆಟ್ಟಿಲಿಳಿದ. ಆದರೂ ಕೆಳಮನೆಯ ಎರ್ಸಿಲಿಯಾ ಬಾಗಿಲು ತೆರೆದೇಬಿಟ್ಟಳು. ಪಕ್ಕದ ಬೀದಿಯ ನಲ್ಲಿ ತೊಟ್ಟಿಕ್ಕಿದರೂ ಆ ಮಹಾತಾಯಿಗೆ ಕೇಳಿಸುತ್ತದೆ.

"ಎಲ್ಲಿಗೋ ಸವಾರಿ?"

"ಬೀಚಿಗೆ."

"ನವೆಂಬರಲ್ಲಾ! ತಲೆ ನೆಟ್ಟಗಿದೆಯೇನೋ? ಕತ್ತಿಗೆ ಗಾಳಿ ಬಡಿದ್ರೆ ವಾರಗಟ್ಲೆ ಮಲಗ್ತೀಯ!"

"ಬಡೀಲಿ ಬಿಡು. ನನ್ನ ಕತ್ತು, ನನ್ನಿಷ್ಟ."

ಹಟಕ್ಕೆ ಕಾರಣವಿತ್ತು. ಲಿಗೂರಿಯಾ ಕರಾವಳಿಯ ಆ ಪುಟ್ಟ ಊರಿನಲ್ಲಿ ಬೀಚೆಂದರೆ ಎರಡು ಬಂಡೆಗಳ ನಡುವೆ ಒಂದು ಅಂಗಳದಷ್ಟು ಮರಳು. ಬೇಸಿಗೆಯಲ್ಲಿ ಅದರ ತುಂಬ ಸಾಲುಸಾಲು ಕೊಡೆ, ಕೊಡೆಗೊಂದು ನಂಬರು. ಮೊದಲ ಸಾಲು ರಜೆಗೆ ಬರುವ ಮಿಲಾನ್ ನಗರದವರದ್ದು, ತಾತನಿಂದ ಮೊಮ್ಮಗನಿಗೆ ಬರುವ ಆಸ್ತಿ. ಉಬಾಲ್ಡೊನದು ಐದನೇ ಸಾಲು, ಹದಿನೇಳನೇ ನಂಬರು. ಮೂವತ್ತೊಂದು ಬೇಸಿಗೆ ಅವನು ಕಂಡಿದ್ದು ಕಡಲನ್ನಲ್ಲ, ಮಿಲಾನಿನವರ ಬುರುಡೆಗಳನ್ನು. ವಾರವೆಲ್ಲ ತಲೆ ನೋಡುವವನಿಗೆ ರಜೆಯಲ್ಲೂ ತಲೆಗಳೇ! ಸಾಯುವುದರೊಳಗೆ ಒಂದೇ ಒಂದು ದಿನ ಮೊದಲ ಸಾಲಿನಲ್ಲಿ ಕೂತು, ಯಾರ ತಲೆಯೂ ಅಡ್ಡವಿಲ್ಲದ ಕಡಲು ನೋಡಬೇಕು. ಅಷ್ಟೇ ಅವನಾಸೆ.

ಬೀಚು ಖಾಲಿ ಹೊಡೆಯುತ್ತಿತ್ತು. ನೀರಿಗೆ ಹತ್ತು ಮಾರು ದೂರದಲ್ಲಿ ಕೊಡೆ ನೆಟ್ಟು ಕೂತ. "ಆಹಾ" ಎನ್ನುವಷ್ಟರಲ್ಲಿ, ಕುಕ್ಕೆಯಷ್ಟು ದೊಡ್ಡ ಉಣ್ಣೆಟೋಪಿ ಹಾಕಿಕೊಂಡ ಎರ್ಸಿಲಿಯಾ ತನ್ನದೇ ಕುರ್ಚಿ ತಂದು ಅವನಿಗೆ ಎದುರಾಗಿ ಕುಕ್ಕಿ, ಕಡಲಿಗೆ ಬೆನ್ನು ಹಾಕಿ ಕೂತಳು.

"ಏಳೋ ಮೇಲೆ."

"ಏಳಲ್ಲ."

"ಸರಿ, ನೀನೇಳೋತನಕ ನಾನೂ ಏಳಲ್ಲ."

ಸುದ್ದಿ ಹಬ್ಬಿತು. ಔಷಧದಂಗಡಿಯ ಟುಲ್ಲಿಯೊ ಥರ್ಮಾಮೀಟರ್ ಹಿಡಿದು, ಹೆಂಡತಿ ಸಮೇತ ಬಂದು ಎರ್ಸಿಲಿಯಾಳ ಹಿಂದೆ ಕೂತ. "ಊಟ ಮಾಡಿ ಮೂರು ಗಂಟೆ ಆಗಿಲ್ಲ, ನೀರಿಗಿಳಿದೀಯ ಜೋಕೆ!"

"ನೀರಿಗೆ ಯಾರ್ರೀ ಇಳಿದ್ರು? ಸುಮ್ನೆ ಕೂತಿದೀನಿ!"

"ಎಲ್ರೂ ಹಂಗೇ ಶುರುಮಾಡೋದು."

ಅವರ ಹಿಂದೆ ಇಸ್ಪೀಟಿನ ಗುಂಪು, ಬಾರಿನ ಕುರ್ಚಿಗಳನ್ನೇ ಹೊತ್ತು ತಂದಿತು. ಕೊನೆಗೆ ಬೇಸಿಗೆಯಲ್ಲಿ ಕೊಡೆ ಹಂಚುವ ಗಾಸ್ಪರೆ ಓಡೋಡಿ ಬಂದ. ಜೊತೆಗೆ ಪಾದ್ರಿಗಳು, ಸುಟ್ಟ ಚೆಸ್ಟ್‌ನಟ್ ಮೆಲ್ಲುತ್ತಿದ್ದ ಅರ್ಧ ಊರು. ಅವರಿಗೆ ಜಾಗ ಸಿಕ್ಕಿದ್ದು ನೀರಿನಂಚಿನಲ್ಲೇ.

"ಸೀಸನ್ ಮುಗೀತು! ಬೀಚು ಬಂದ್!" ಎಂದು ಕೂಗಿದ ಗಾಸ್ಪರೆ.

"ಬಂದ್ ಮಾಡೋಕೆ ಕಡಲಿಗೆ ಬಾಗಿಲಿದೆಯೇನೋ?"

ಎಲ್ಲರೂ ಒಟ್ಟಿಗೆ ಬುದ್ಧಿ ಹೇಳತೊಡಗಿದರು. ಉಬಾಲ್ಡೊನ ನೆತ್ತರು ಕುದಿಯಿತು. ಎದ್ದು ನಿಂತ.

"ನಾಚಿಕೆ ಆಗಲ್ವಾ ನಿಮಗೆ? ಬೇಸಿಗೇಲಿ ಮಿಲಾನಿನವರು ನಮಗೆ ಕಡಲು ಬಿಡಲ್ಲ. ಈಗ ಅವರಿಲ್ಲ, ನೀವೇ ಅದಕ್ಕೆ ಬೆನ್ನು ಹಾಕಿ ಕೂತಿದೀರಿ! ಒಂದ್ಸಲ, ಒಂದೇ ಸಲ ತಿರುಗಿ ನೋಡ್ರೀ! ನಮ್ಮ ಕಡಲು ಕಣ್ರೀ ಅದು!"

ಎಲ್ಲರೂ ತಿರುಗಿದರು. ಬಿಸಿಲಿಗೆ ನೀರು ಫಳಫಳ ಹೊಳೆಯುತ್ತಿತ್ತು. "ಇಷ್ಟು ದೊಡ್ಡದಿದೆಯಾ!" ಎಂದು ಟುಲ್ಲಿಯೊ ಥರ್ಮಾಮೀಟರನ್ನು ಜೇಬಿಗಿಳಿಸಿದ. ಒಬ್ಬೊಬ್ಬರಾಗಿ ಕುರ್ಚಿ ತಿರುಗಿಸಿಕೊಂಡು ಹಾಯಾಗಿ ಒರಗಿದರು.

ಗೆದ್ದೆ! ಉಬಾಲ್ಡೊ ಎದೆಯುಬ್ಬಿಸಿ ಕೂತು ಮುಂದೆ ನೋಡಿದ. ಒಂದಲ್ಲ, ಎರಡಲ್ಲ, ನಾಲ್ಕು ಸಾಲು ತಲೆಗಳು. ಎಲ್ಲವೂ ತಾನೇ ಕತ್ತರಿಯಾಡಿಸಿದ ತಲೆಗಳು!

ಕುರ್ಚಿ ಎತ್ತಿಕೊಂಡು ದಡದಡ ಮುಂದೆ ಹೋದ. ಗಾಸ್ಪರೆಯ ಬೂಟಿಗೆ ಅಲೆ ತಾಕುತ್ತಿತ್ತು.

"ಮೊದಲನೇ ಸಾಲು ಭರ್ತಿ," ಎಂದ ಗಾಸ್ಪರೆ, ಕಡಲಿನಿಂದ ಕಣ್ಣು ಕೀಳದೆ. "ನಿಂದು ಐದನೇ ಸಾಲು, ಹದಿನೇಳಲ್ವಾ?"

ಉಬಾಲ್ಡೊ ವಾಪಸು ಬಂದು ಕುಸಿದ.

"ಎರ್ಸಿಲಿಯಾ, ಆ ಟೋಪಿನಾದ್ರೂ ತೆಗಿ ತಾಯಿ, ಏನೂ ಕಾಣ್ತಿಲ್ಲ."

"ತಲೆಗೆ ಗಾಳಿ ಬಡಿದ್ರೆ ನೀನು ನೋಡ್ಕೋತೀಯಾ? ಸುಮ್ನೆ ಕೂತ್ಕೊಳ್ಳೋ, ಕಡಲು ನೋಡ್ತಿದೀನಿ!"