ದಿಬ್ಬಣದ ಬಸ್ಸಿನಲ್ಲಿ ಹೊರಸಂಚಾರ

ನನ್ನ ಹೆಂಡತಿಗೆ ನಾಚಿಕೆ ಎಂಬುದಿಲ್ಲ. ಈ ಮಾತನ್ನು ಬೇರೆ ಯಾರಾದರೂ ಆಡಿದ್ದರೆ ಜಗಳಕ್ಕೆ ನಿಲ್ಲುತ್ತಿದ್ದೆನೋ ಏನೋ. ಆಡುತ್ತಿರುವವನು ನಾನೇ, ಅವಳ ಕೈಹಿಡಿದವನು! ದೇವರು ನಾಚಿಕೆ ಹಂಚುವ ಹೊತ್ತಿಗೆ ಅವಳು ಪಕ್ಕದವರ ಹತ್ತಿರ ಇನ್ನೇನೋ ಕೇಳುತ್ತ ನಿಂತಿದ್ದಿರಬೇಕು. ಅವಳ ಪಾಲನ್ನೂ ಸೇರಿಸಿ ನನಗೇ ಕೊಟ್ಟು ಕಳಿಸಿದ. ಹೋಟೆಲಿನಲ್ಲಿ ಎರಡನೇ ಸಲ ಸಾಂಬಾರ್ ಕೇಳಲಾರದೆ ಒಣ ಇಡ್ಲಿ ನುಂಗುವ ಪ್ರಾಣಿ ನಾನು.

ಅವಳು ಚೇಳೂರಿನ ಕಡೆ ಒಂದು ಹಳ್ಳಿಯ ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಟೀಚರು. ನಾನು ಗುಬ್ಬಿಯ ಮನೆಯಿಂದ ತುಮಕೂರಿನ ಕಚೇರಿಗೆ ದಿನಾ ಓಡಾಡುವ ಗುಮಾಸ್ತ. ಮನೆಗೆಂದು ಅವಳು ಯಾರನ್ನೂ ಒಂದು ಕಡ್ಡಿಪೆಟ್ಟಿಗೆ ಕೇಳಿದವಳಲ್ಲ. ಶಾಲೆಗೆಂದರೆ ಮಾತ್ರ ಸಿಕ್ಕವರನ್ನೆಲ್ಲ ಕೇಳುತ್ತಾಳೆ. ಟೈಲರ್ ಅಂಗಡಿಯ ಚಿಂದಿ, ಮದುವೆ ಮನೆಯ ಹೂವು, ಯಾರದೋ ಕಾಂಪೌಂಡಿನ ಗಿಡದ ಎಲೆ! ದಸರಾ ಮುಗಿದು ಕಾರ್ತಿಕ ಬರುವ ಹೊತ್ತಿಗಂತೂ ಈ ಹುಚ್ಚು ನೆತ್ತಿಗೇರುತ್ತದೆ. ಎಲೆ ಸಂಗ್ರಹ, ಬೀಜ ಸಂಗ್ರಹ, ಮಕ್ಕಳ ಸಂತೆ, ಕೊನೆಗೆ ಹೊರಸಂಚಾರ. ಇವೆಲ್ಲ ಮಕ್ಕಳ ಚಟುವಟಿಕೆಗಳೆಂದು ಇಲಾಖೆ ತಿಳಿದಿದೆ. ಬೆವರು ಹರಿಸುವವನು ಗಂಡ ಎಂಬುದು ಅದಕ್ಕೆ ಗೊತ್ತಿಲ್ಲ.

ಈ ಸಲದ ಆಯುಧಪೂಜೆಯ ದಿನ ಇಬ್ಬರೂ ಗುಬ್ಬಿ ಪೇಟೆಯಲ್ಲಿ ಸ್ಕೂಟರಿನ ಮೇಲೆ ಬರುತ್ತಿದ್ದೆವು. ಅಲ್ಲೊಬ್ಬರು ತಮ್ಮ ಲಾರಿಗಳಿಗೆ ಪೂಜೆ ಮಾಡಿಸಿ, ಒಂದೊಂದರ ಮುಂದೂ ಬೂದುಗುಂಬಳಕಾಯಿ ನೀವಾಳಿಸಿ ಒಡೆಯುತ್ತಿದ್ದರು. ಕೊನೆಯದನ್ನು ಎತ್ತಿದ್ದರು, ಇನ್ನೇನು ನೆಲಕ್ಕೆ ಅಪ್ಪಳಿಸಬೇಕು.

"ಅಣ್ಣಾ, ಒಂದ್ನಿಮಿಷ! ಒಡೀಬೇಡಿ!"

ಇವಳು ಸ್ಕೂಟರಿನಿಂದ ಧುಮುಕಿಯೇ ಬಿಟ್ಟಿದ್ದಳು. ಲಾರಿ ಮಾಲೀಕರು ಎತ್ತಿದ ಕಾಯಿ ಎತ್ತಿದಂತೆಯೇ ನಿಂತರು. ನಾನು ಸ್ಕೂಟರನ್ನು ಮೆಲ್ಲಗೆ ಮುಂದೆ ತಳ್ಳಿ, ಮೆಡಿಕಲ್ ಸ್ಟೋರಿನ ಗಾಜಿಗೆ ಅಂಟಿಸಿದ್ದ ಕೆಮ್ಮಿನ ಔಷಧಿಯ ಜಾಹೀರಾತನ್ನು ಬಹಳ ಶ್ರದ್ಧೆಯಿಂದ ಓದತೊಡಗಿದೆ.

"ನಮ್ ಸ್ಕೂಲ್ ಮಕ್ಕಳಿಗೆ ಭಾರ, ಹಗುರ ಹೇಳ್ಕೊಡೋಕೆ ಬೇಕಿತ್ತು. ಎಷ್ಟ್ ಲಕ್ಷಣವಾಗಿದೆ ನೋಡಿ!"

"ಅಲ್ಲ ಕಣಮ್ಮ, ದೃಷ್ಟಿ ತೆಗ್ದಾಗೈತೆ! ಲಾರಿ ಮ್ಯಾಲೆ ಬಿದ್ದಿರೋ ಕಣ್ಣೆಲ್ಲ ಇದ್ರಾಗವೆ. ತಗಂಡೋಗಿ ಸ್ಕೂಲ್‌ನಾಗೆ ಮಡೀಕಂತೀರಾ?"

"ಇರ್ಲಿ ಬಿಡಿ ಅಣ್ಣ. ನಮ್ ಸ್ಕೂಲ್ ಮೇಲೆ ಇಲ್ಲೀವರ್ಗೂ ಯಾರ್ ಕಣ್ಣೂ ಬಿದ್ದಿಲ್ಲ. ಒಂಚೂರು ಬೀಳ್ಲಿ!"

ಆ ಮನುಷ್ಯ ಕಾಯಿ ಕೊಟ್ಟರು. ಕೊಡದೆ ಏನು ಮಾಡಿಯಾರು? ಅದನ್ನು ಸ್ಕೂಟರಿನಲ್ಲಿ ನನ್ನ ಕಾಲುಗಳ ನಡುವೆ ಇಟ್ಟುಕೊಂಡು, ಕುಂಕುಮ ಮೆತ್ತಿದ ಪ್ಯಾಂಟಿನಲ್ಲಿ ಬರುತ್ತಿರುವಾಗ ನಮ್ಮ ಕಚೇರಿಯ ಒಬ್ಬರು ಎದುರಾಗಿ, "ಏನ್ ಸಾರ್, ಲಾರಿ ತಗೊಂಡ್ರಾ? ಹೇಳ್ಲೇ ಇಲ್ಲ!" ಎಂದರು.

ಅದಾದರೂ ಬೀದಿಯ ಮಾತು. ಮುಂದಿನದು ನಮ್ಮ ಸಾಹೇಬರ ಮನೆಯಲ್ಲೇ ನಡೆಯಿತು. ತುಮಕೂರಿನ ಅವರ ಮನೆಯಲ್ಲಿ ಬೊಂಬೆ ಕೂರಿಸಿದ್ದರು. ಅರಿಶಿನ ಕುಂಕುಮಕ್ಕೆ ಕರೆದಿದ್ದರು. ಕುಂಕುಮ ಇಟ್ಟುಕೊಂಡು ತೆಪ್ಪಗೆ ಬರಬಾರದೇ?

"ಮೇಡಂ, ಹಬ್ಬ ಮುಗಿದ್ಮೇಲೆ ಇವು ಪೆಟ್ಟಿಗೇಲಿ ಮಲಗೋದೇ ತಾನೇ? ಒಂದ್ ವಾರ ನಮ್ ಸ್ಕೂಲಲ್ಲಿ ಎದ್ದಿರ್ಲಿ, ಕೊಡಿ."

ಸಾಹೇಬರ ಹೆಂಡತಿ ಬಾಯಿ ತಪ್ಪಿ ಆಯಿತೆಂದರು. ಮಕ್ಕಳು ಅಂಗಡಿ ಶೆಟ್ಟರ ಬೊಂಬೆಯ ಮುಂದೆ ದಿನವೂ ವ್ಯಾಪಾರದ ಆಟ ಆಡಿದರಂತೆ. ಬೆಲ್ಲ, ಹುರಿಗಡಲೆ ಎಲ್ಲ ಖಾಲಿ. ಆಟದ ಭರದಲ್ಲಿ ಶೆಟ್ಟರ ಬಲಗೈ ಮುರಿಯಿತು. ಇವಳು ಗಮ್ ಹಾಕಿ ಜೋಪಾನವಾಗಿ ಅಂಟಿಸಿದಳು, ಆದರೆ ತಿರುವುಮುರುವಾಗಿ! ತೂಕ ಮಾಡುತ್ತಿದ್ದ ಶೆಟ್ಟರು ಈಗ ಅಂಗೈ ಮೇಲಕ್ಕೆ ಮಾಡಿ ಕೂತಿದ್ದರು. ಬೊಂಬೆಗಳನ್ನು ವಾಪಸ್ ಕೊಟ್ಟ ಮಾರನೇ ದಿನ ಸಾಹೇಬರು ಇಡೀ ಸೆಕ್ಷನ್ನಿಗೆ ಕೇಳಿಸುವಂತೆ, "ಏನ್ರೀ, ನಿಮ್ಮನೆಯವ್ರ ಸಹವಾಸಕ್ಕೆ ಬಿದ್ದು ನಮ್ ಶೆಟ್ಟರೂ ಕೈ ಚಾಚ್ಕೊಂಡು ಕೂತವ್ರಲ್ಲ!" ಎಂದರು. ಎಲ್ಲರೂ ನಕ್ಕರು. ನಾನು ಮೇಜಿನ ಕೆಳಗೆ ಬೀಳದೇ ಇದ್ದ ಪೆನ್ನನ್ನು ಬಹಳ ಹೊತ್ತು ಹುಡುಕಿದೆ.

ಅದೇ ಸಾಹೇಬರ ಮಗನ ಮದುವೆ ಕಾರ್ತಿಕದಲ್ಲಿ ನಿಶ್ಚಯವಾಯಿತು. ಹೆಣ್ಣಿನ ಊರು ಕುಣಿಗಲ್, ಮದುವೆಯೂ ಅಲ್ಲೇ. ಕರೆ ಇಬ್ಬರಿಗೂ ಇತ್ತು. ಇವಳು, "ಅವತ್ತೇ ಮಕ್ಕಳನ್ನ ಹುಲಿಯೂರುದುರ್ಗದ ಬೆಟ್ಟಕ್ಕೆ ಕರ್ಕೊಂಡ್ ಹೋಗ್ಬೇಕು ರೀ, ನೀವೊಬ್ರೇ ಹೋಗ್ಬನ್ನಿ" ಎಂದಳು. ನಾನು ಮನೆದೇವರಿಗೆ ಕೈಮುಗಿದೆ. ಅವಳ ಶಾಲೆಯ ಇಪ್ಪತ್ತೆಂಟು ಮಕ್ಕಳಲ್ಲಿ ಹೆಚ್ಚಿನವರು ಗುಬ್ಬಿ ಸಂತೆಯಿಂದ ಆಚೆಗೆ ಏನನ್ನೂ ನೋಡಿದವರಲ್ಲ. ಎರಡು ತಿಂಗಳಿಂದ ಬೆಟ್ಟದ ಕೋಟೆಯ ಚಿತ್ರ ಬರೆಯುತ್ತಿದ್ದರು. ಒಂದು ಹುಡುಗಿಯಂತೂ, "ಅಲ್ಲಿಂದ ನಮ್ಮನೆ ಕಾಣ್ತದಾ ಮಿಸ್?" ಎಂದು ದಿನಾ ಕೇಳುತ್ತಿದ್ದಳಂತೆ.

ಮುಹೂರ್ತ ಮುಗಿದು ನಾನು ಮೊದಲ ಪಂಕ್ತಿಯಲ್ಲಿ ಕೂತು ಹೋಳಿಗೆಗೆ ಕೈ ಹಾಕಿದ್ದೆ. ತಲೆಯೆತ್ತಿದರೆ ಊಟದ ಹಾಲಿನ ಬಾಗಿಲಲ್ಲಿ ನನ್ನ ಹೆಂಡತಿ! ಕೆದರಿದ ಕೂದಲು, ಧೂಳು ಹಿಡಿದ ಸೀರೆ. ಬೆಟ್ಟಕ್ಕೆ ಹೊರಟಿದ್ದ ಬಾಡಿಗೆಯ ವ್ಯಾನು ದಾರಿಯಲ್ಲಿ ಕುಣಿಗಲ್ ಹತ್ತಿರ ಕೆಟ್ಟು ನಿಂತಿತ್ತು. ಮಕ್ಕಳು ಹೆಡ್‌ಮೇಷ್ಟ್ರ ಜೊತೆ ರಸ್ತೆ ಬದಿಯ ಹುಣಸೆಮರದ ಕೆಳಗೆ ಕೂತಿದ್ದರು. ಲಗ್ನದ ದಿನವಾದ್ದರಿಂದ ಹೋಗುವ ಬಸ್ಸಿನಲ್ಲೆಲ್ಲ ಕಾಲಿಡಲು ಜಾಗವಿರಲಿಲ್ಲ. ಗಂಡಿನ ಕಡೆಯ ದಿಬ್ಬಣದ ಬಸ್ಸು ಮಾತ್ರ ಕಲ್ಯಾಣ ಮಂಟಪದ ಮುಂದೆ ಸಂಜೆಯವರೆಗೆ ಸುಮ್ಮನೆ ನಿಂತಿರುತ್ತದೆ. ಇವಳ ಕಣ್ಣಿಗೆ ಬೀಳದೆ ಇರುತ್ತದೆಯೇ? ಪಂಕ್ತಿಯ ನಡುವೆ ಉಪಚಾರ ಮಾಡುತ್ತಿದ್ದ ಸಾಹೇಬರ ಮುಂದೆ ಹೋಗಿ ನಿಂತು, ಬಸ್ಸು ಕೇಳಿದಳು.

ಸಾಹೇಬರು ನಗುಮುಖ ಕೆಡಿಸಿಕೊಳ್ಳಲಿಲ್ಲ. ದನಿ ಮಾತ್ರ ತಗ್ಗಿಸಿದರು.

"ಎಲ್ಲಿ ಹೋದ್ರೂ ಕೈ ಚಾಚೋದೇನಾ? ಟೀಚರ್ ಅಂತೀರಿ. ಆ ಮಕ್ಕಳಿಗೂ ತಿರುಪೆ ಎತ್ತೋದನ್ನೇ ಕಲಿಸ್ತಿದೀರೇನು?"

ನಾನು ಎರಡೇ ಎಲೆ ಆಚೆ ಕೂತಿದ್ದೆ. ಪ್ರತಿಯೊಂದು ಮಾತೂ ಕೇಳಿಸಿತು. ನಾನು ಏನು ಮಾಡಿದೆ ಗೊತ್ತೇ? ಹೋಳಿಗೆಯ ಮೇಲೆ ತುಪ್ಪ ಹರಿಯುವುದನ್ನು ನೋಡುತ್ತ ಕೂತೆ. ಆ ಹೆಂಗಸು ಯಾರೋ, ನಾನು ಯಾರೋ!

ಕೈ ತೊಳೆದು ಹೊರಗೆ ಬಂದಾಗ ಅವಳು ಚಪ್ಪಲಿಗಳ ರಾಶಿಯ ಪಕ್ಕ ತಲೆ ತಗ್ಗಿಸಿ ನಿಂತಿದ್ದಳು.

"ಮಕ್ಕಳನ್ನ ವಾಪಸ್ ಕರ್ಕೊಂಡ್ ಹೋಗ್ತೀನಿ ರೀ," ಎಂದಳು. "ನಾನು ಮಕ್ಕಳಿಗೆ ಅದನ್ನೇ ಕಲಿಸ್ತಿದೀನಾ? ನಂಗೆ ಬಾಳ ನಾಚ್ಕೆ ಆಗೋಯ್ತು."

ಇವಳಿಗೆ ಒಂದಿಷ್ಟು ನಾಚಿಕೆ ಕೊಡಪ್ಪಾ ಎಂದು ಮದುವೆಯಾದಾಗಿನಿಂದ ದೇವರನ್ನು ಬೇಡಿಕೊಂಡವನು ನಾನೇ. ಅದು ಬಂದಾಗ ಅವಳನ್ನು ಕಣ್ಣೆತ್ತಿ ನೋಡಲು ನನಗೆ ಆಗಲಿಲ್ಲ. ಅವಳಿಗೆ ಅವಮಾನವಾದದ್ದು ಸಾಹೇಬರಿಂದ ಅರ್ಧ, ಎಲೆಯ ಮುಂದಿನಿಂದ ಏಳದ ನನ್ನಿಂದ ಅರ್ಧ.

ವೇದಿಕೆಯ ಮೇಲೆ ಮುಯ್ಯಿ ಕೊಡುವವರ ಸಾಲಿತ್ತು. ಆಗಲೇ ಮುಯ್ಯಿ ಕೊಟ್ಟಿದ್ದ ನಾನು ಮತ್ತೆ ಹೋಗಿ ಸಾಲಿನಲ್ಲಿ ನಿಂತೆ. ಅಷ್ಟರಲ್ಲಿ ಸಾಹೇಬರು ವೇದಿಕೆಗೆ ಬಂದು ಬೀಗರ ಪಕ್ಕ ಫೋಟೋಕ್ಕೆ ನಿಂತಿದ್ದರು. ವಾಲಗ ಜೋರಾಗಿತ್ತು. ನಾನು ಹೇಳಿದ್ದು ನನಗೇ ಕೇಳಿಸದೆ ಗಂಟಲು ಹರಿಯುವಂತೆ ಕೂಗಿದೆ. ಅದೇ ಕ್ಷಣಕ್ಕೆ ವಾಲಗ ನಿಲ್ಲಬೇಕೇ!

"ಬಸ್ ಕೊಡಿ ಸಾರ್! ಮಕ್ಕಳು ರೋಡಲ್ಲಿ ಕೂತಿದಾವೆ!"

ಇಡೀ ಮಂಟಪ ತಿರುಗಿತು. ಬೀಗರು ಗಾಬರಿಯಾಗಿ, "ಯಾರ್ ಮಕ್ಕಳು?" ಎಂದರು.

"ನನ್ ಹೆಂಡ್ತಿ ಮಕ್ಕಳು ಸಾರ್. ಇಪ್ಪತ್ತೆಂಟು!"

ಮಂಟಪವೆಲ್ಲ ಗೊಳ್ಳೆಂದಿತು. ನಾನು ಬೆವೆತು ನೀರಾಗಿ ವಿಷಯ ಬಿಡಿಸಿ ಹೇಳಿದೆ. ಬೀಗರು, "ಪಾಪ, ಮಕ್ಕಳಿಗಲ್ವಾ!" ಎಂದು ಸಾಹೇಬರ ಮುಖ ನೋಡಿದರು. ಗಂಡಿನ ತಂದೆಯಾದವರು ಹೊಸ ಬೀಗರ ಮುಂದೆ ಇಲ್ಲವೆನ್ನುವುದುಂಟೇ?

"ಅಯ್ಯೋ, ಅದನ್ನೂ ಕೇಳ್ಬೇಕೇನ್ರೀ? ತಗೊಂಡ್ ಹೋಗಿ," ಎಂದರು ಸಾಹೇಬರು, ಹಲ್ಲು ಕಚ್ಚಿ ನಗುತ್ತ. ಸೋಮವಾರ ಕಚೇರಿಯಲ್ಲಿ ನನ್ನ ಗತಿ ಏನೆಂದು ಆ ಹಲ್ಲುಗಳೇ ಹೇಳುತ್ತಿದ್ದವು.

ಬಾಳೆಕಂದು, ಚೆಂಡುಹೂವಿನ ಹಾರ, ಮುಂದಿನ ಗಾಜಿನ ಮೇಲೆ ವಧೂವರರ ಹೆಸರು. ಇಂಥ ಬಸ್ಸು ಹುಣಸೆಮರದ ಕೆಳಗೆ ಬಂದು ನಿಂತಾಗ ಮಕ್ಕಳು ಕೇಕೆ ಹಾಕಿ ಹತ್ತಿದರು. "ಯಾರ್ ಮದ್ವೆ ಮಿಸ್?" ಎಂದು ಹತ್ತು ಸಲ ಕೇಳಿದರು. ಇವಳು ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ನಾನು ಪಕ್ಕದಲ್ಲಿ ಕೂತು ಏನೇನೋ ತಮಾಷೆ ಮಾಡಿದೆ. ನಗಲಿಲ್ಲ.

ಬೆಟ್ಟದ ಬುಡದಲ್ಲಿ ಇಳಿದಾಗ ಮಕ್ಕಳ ಬಾಟಲಿಗಳಲ್ಲಿ ಒಂದು ಹನಿ ನೀರೂ ಇರಲಿಲ್ಲ. ಎದುರಿನ ಹೆಂಚಿನ ಮನೆಯ ಜಗಲಿಯಲ್ಲಿ ಒಬ್ಬ ಅಜ್ಜಿ ಅವರೇಕಾಯಿ ಬಿಡಿಸುತ್ತ ಕೂತಿದ್ದರು. ಹಿಂದಿನ ದಿನವಾಗಿದ್ದರೆ ಇವಳು ಇಷ್ಟು ಹೊತ್ತಿಗೆ ಅವರ ಅಡುಗೆಮನೆಯಲ್ಲಿರುತ್ತಿದ್ದಳು. ಈಗ ಆ ಕಡೆ ನೋಡಲೂ ಇಲ್ಲ.

"ಹೋಗಿ ಕೇಳೇ," ಎಂದೆ.

"ಬೇಡ ರೀ. ಅಂಗಡಿ ಇದ್ರೆ ನೋಡೋಣ."

ನನಗೆ ಭಯವಾಯಿತು. ಇನ್ನು ಮುಂದೆ ಇವಳು ಯಾರನ್ನೂ ಏನನ್ನೂ ಕೇಳುವುದಿಲ್ಲವೇ? ನನ್ನ ಹಾಗೇ ಆಗಿಬಿಡುತ್ತಾಳೆಯೇ? ಅಷ್ಟು ಜನರ ಎದುರಿಗೇ ಅವಳ ಕೈ ಹಿಡಿದುಕೊಂಡು ಜಗಲಿಯ ಮುಂದೆ ಹೋಗಿ ನಿಂತೆ.

"ಅಜ್ಜೀ..." ಎಂದಳು. ಅಷ್ಟಕ್ಕೇ ಹಿಂದಕ್ಕೆ ತಿರುಗಲು ನೋಡಿದಳು. ನಾನು ಕೈ ಬಿಡಲಿಲ್ಲ.

"ಏನವ್ವಾ?" ಎಂದರು ಅಜ್ಜಿ.

"ಮಕ್ಕಳಿಗೆ ಒಂಚೂರು ನೀರು ಕೊಡ್ತೀರಾ?"

"ಅಯ್ಯೋ ನನ್ ಕಂದ, ನೀರಿಗೇನ್ ಬರವಾ? ಬಾ ಒಳೀಕೆ."

ಅಜ್ಜಿ ಮೊರ ಪಕ್ಕಕ್ಕಿಟ್ಟು ಏಳಲು ಹೊರಟರು. ಇವಳು ಮೊರದ ಕಡೆ ನೋಡಿದಳು. ನನ್ನ ಮುಖ ನೋಡಿದಳು.

"ಅಜ್ಜಿ, ಆ ಸಿಪ್ಪೆ ಬಿಸಾಕ್ಬೇಡಿ. ನಮ್ ಮಕ್ಕಳಿಗೆ ಬೇಕು."

ನಾನು ಮದುವೆಗೆಂದು ಹೊದ್ದು ಬಂದಿದ್ದ ಹೊಸ ಶಲ್ಯವನ್ನು ತೆಗೆದು ಅಜ್ಜಿಯ ಮುಂದೆ ಒಡ್ಡಿದೆ.